ಬೇಕಾದಷ್ಟೇ ಅಧಿಕಾರ

ದೀಪಾವಳಿಯ ಮರುದಿನ ದಾಳಿಂಬದ ಅಕ್ಕನ ಮನೆಗೆ ಹೋದಾಗ ಅಲ್ಲಿ ಹಬ್ಬದ ಕಳೆ ಇರಲಿಲ್ಲ. ಸೊಲ್ಲಾಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಅಳಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟುಕೊಂಡು ಕುಳಿತಿದ್ದ. ಅಕ್ಕ ಚಕ್ಕುಲಿಯ ತಟ್ಟೆಯನ್ನು ನನ್ನ ಮುಂದಿರಿಸಿ, ಮಗನಿಗೆ ಕೇಳಿಸುವಂತೆಯೇ ಹೇಳಿದಳು: "ನೋಡಪ್ಪಾ, ಕನ್ನಡ ಸಾಲಿಗಿ ಹಾಕಿದ್ದಕ್ಕ ಹಿಂಗಾತು ಅಂತಾನ." ಅಕ್ಕನೂ ನಾನೂ ಅದೇ ಶಾಲೆಯಲ್ಲಿ ಓದಿದವರು. ಆ ಮಾತು ಅವಳಿಗೆಷ್ಟು ನೋವುಂಟುಮಾಡಿತ್ತೆಂಬುದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ; ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಂಥ ಮಾತನ್ನು ಕೇಳದವರು ವಿರಳ.

ಸಂಗತಿ ಇಷ್ಟು. ಹುಡುಗ ತಾನು ಓದಿದ ಶಾಲೆಗೆ ಉಪಯೋಗವಾಗಲೆಂದು ಜಾವಾ ಭಾಷೆಯಲ್ಲಿ ಶಾಲಾ ನಿರ್ವಹಣೆಯ ಪ್ರೋಗ್ರಾಮ್ ಒಂದನ್ನು ಬರೆದಿದ್ದ. ಕಾಲೇಜಿನಲ್ಲಿ ಅದನ್ನು ಪ್ರದರ್ಶಿಸಿದಾಗ ಸಹಪಾಠಿಯೊಬ್ಬ 'ಪಾಲಕ' ಎಂದು ಒಳಹೊಕ್ಕು, ಒಬ್ಬ ವಿದ್ಯಾರ್ಥಿಯ ಗಣಿತದ 35 ಅಂಕಗಳನ್ನು 95 ಮಾಡಿಬಿಟ್ಟ. ಎಲ್ಲರೂ ನಕ್ಕರು. ಮಾರ್ಗದರ್ಶಕರು ನಗದೆ, ಇಂಟರ್‌ಫೇಸನ್ನು ಒಡೆದು ಚಿಕ್ಕದಾಗಿ ಮಾಡಿಕೊಂಡು ಬಾ ಎಂದು ಇಂಗ್ಲಿಷಿನಲ್ಲಿ ಹೇಳಿ ಒಂದು ತತ್ತ್ವದ ಹೆಸರನ್ನು ಬರೆದುಕೊಟ್ಟಿದ್ದರು. ಅದರ ವಿವರಣೆಯನ್ನು ಹುಡುಗ ನಾಲ್ಕು ಸಲ ಓದಿದ್ದ. "ಮಾಮಾ, ಶಬ್ದ ಎಲ್ಲಾ ತಿಳೀತಾವ, ಯಾಕ ಒಡೀಬೇಕು ಅನ್ನೋದು ತಿಳಿವಲ್ದು" ಎಂದ.

ನಾನು ವಕೀಲ. 2020ರ ಲಾಕ್‌ಡೌನಿನಲ್ಲಿ ನ್ಯಾಯಾಲಯದ ಕೆಲಸ ನಿಂತಿದ್ದಾಗ, ಹೊತ್ತು ಕಳೆಯಲು ಒಂದಷ್ಟು ಜಾವಾ ಕಲಿತಿದ್ದೆನೆಂಬುದಷ್ಟೇ ನನ್ನ ಅರ್ಹತೆ. ಆದರೆ ಅವನ ಪ್ರೋಗ್ರಾಮನ್ನು ತೆರೆದು ನೋಡಿದೊಡನೆ ನನಗೆ ಗಣಕಯಂತ್ರಕ್ಕಿಂತ ಮೊದಲು ನನ್ನ ಕಚೇರಿಯ ಕಪಾಟಿನಲ್ಲಿರುವ ಒಂದು ಹಳೆಯ ಕಡತ ನೆನಪಾಯಿತು. ಆ ಕಡತದ ವಿಷಯಕ್ಕೆ ಬರುವ ಮುನ್ನ ಪಾಲಕರಿಗಾಗಿ ಎರಡು ಶಬ್ದಗಳನ್ನು ಬಿಡಿಸಿಡುತ್ತೇನೆ.

ಪ್ರೋಗ್ರಾಮ್ ಬರೆಯುವ ಹಲವು ರೀತಿಗಳಲ್ಲಿ ಒಂದಕ್ಕೆ ಆಬ್ಜೆಕ್ಟ್ ಪದ್ಧತಿ ಎನ್ನುತ್ತಾರೆ. 1960ರ ದಶಕದಲ್ಲಿ ನಾರ್ವೆ ದೇಶದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗಾರ್ಡ್ ಎಂಬಿಬ್ಬರು ಸಿಮುಲಾ ಎಂಬ ಭಾಷೆಯಲ್ಲಿ ಇದರ ಬೀಜ ಬಿತ್ತಿದರು. ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿ ಒಂದು ಘಟಕವಾಗಿ ಕಾಣುವುದು ಇದರ ರೀತಿ. 'ವಿದ್ಯಾರ್ಥಿ' ಎಂಬುದು ಒಂದು ಕ್ಲಾಸ್, ಅಂದರೆ ಅಚ್ಚು; ಆ ಅಚ್ಚಿನಿಂದ ತೆಗೆದ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದು ಆಬ್ಜೆಕ್ಟ್. ಆ ಆಬ್ಜೆಕ್ಟ್ ಮಾಡಬಲ್ಲ ಕೆಲಸಗಳಿಗೆ ಮೆಥಡ್ ಎಂದು ಹೆಸರು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಹೊರತಂದ ಜಾವಾ ಭಾಷೆಯಲ್ಲಿ ಇಂಟರ್‌ಫೇಸ್ ಎಂಬ ಇನ್ನೊಂದು ವಸ್ತುವೂ ಇದೆ. ಅದು ಮೂಲತಃ ಒಂದು ಕರಾರುಪತ್ರ. ಈ ಈ ಕೆಲಸಗಳನ್ನು ಮಾಡಿಕೊಡಲಾಗುವುದು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಹೇಗೆ ಮಾಡುವುದೆಂಬ ವಿವರ ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ಆ ಕರಾರಿಗೆ ಸಹಿ ಹಾಕಿದ ಕ್ಲಾಸ್ ಅದರಲ್ಲಿರುವ ಪ್ರತಿಯೊಂದು ಕೆಲಸವನ್ನೂ ತನ್ನಲ್ಲಿ ಬರೆದುಕೊಳ್ಳಲೇಬೇಕು. ಒಂದನ್ನು ಬಿಟ್ಟರೂ ಪ್ರೋಗ್ರಾಮ್ ಕಂಪೈಲ್ ಆಗುವುದಿಲ್ಲ.

ನಮ್ಮ ಹುಡುಗ 'ಶಾಲಾಸದಸ್ಯ' ಎಂಬ ಒಂದೇ ಇಂಟರ್‌ಫೇಸ್ ಮಾಡಿದ್ದ. ಅದರಲ್ಲಿ ಹನ್ನೊಂದು ಕೆಲಸಗಳು: ಹಾಜರಿ ಹಾಕು, ಅಂಕ ನಮೂದಿಸು, ಅಂಕ ನೋಡು, ಪರೀಕ್ಷಾ ಶುಲ್ಕ ತುಂಬು, ಪಾವತಿ ಕೊಡು, ಮಧ್ಯಾಹ್ನದ ಊಟದ ಲೆಕ್ಕ ಬರೆ, ಟಿ.ಸಿ. ಕೊಡು, ಗ್ರಂಥಾಲಯದ ಪುಸ್ತಕ ಪಡೆ, ಪುಸ್ತಕ ಮರಳಿಸು, ರಜೆ ಕೇಳು, ರಜೆ ಮಂಜೂರು ಮಾಡು. ವಿದ್ಯಾರ್ಥಿ, ಶಿಕ್ಷಕ, ಪಾಲಕ, ಗುಮಾಸ್ತ, ಅಡುಗೆಯವರು, ಮುಖ್ಯಾಧ್ಯಾಪಕ ಎಂಬ ಆರೂ ಕ್ಲಾಸುಗಳು ಇದಕ್ಕೇ ಸಹಿ ಹಾಕಿದ್ದವು. ಎಲ್ಲರೂ ಶಾಲೆಯವರೇ ಅಲ್ಲವೇ ಎಂಬುದು ಅವನ ತರ್ಕ. ಕೇಳಲು ಅದು ಸರಿಯೆಂದೇ ತೋರುತ್ತದೆ.

ಲೆಕ್ಕ ಹಾಕೋಣವೆಂದೆ. ಆರು ಕ್ಲಾಸುಗಳಿಗೆ ತಲಾ ಹನ್ನೊಂದರಂತೆ 66 ಮೆಥಡ್‌ಗಳನ್ನು ಅವನು ಬರೆದಿದ್ದಾನೆ. ಯಾರಿಗೆ ಯಾವುದು ನಿಜವಾಗಿ ಬೇಕು ಎಂದು ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಗುರುತು ಹಾಕುತ್ತ ಹೋದೆವು. ವಿದ್ಯಾರ್ಥಿಗೆ ನಾಲ್ಕು, ಶಿಕ್ಷಕನಿಗೆ ಆರು, ಪಾಲಕನಿಗೆ ಎರಡು, ಗುಮಾಸ್ತನಿಗೆ ಮೂರು, ಅಡುಗೆಯವರಿಗೆ ಎರಡು, ಮುಖ್ಯಾಧ್ಯಾಪಕರಿಗೆ ನಾಲ್ಕು. ಒಟ್ಟು 21. ಉಳಿದ 45 ಮೆಥಡ್‌ಗಳು ಕರಾರಿನ ಕಾಟಕ್ಕಾಗಿ ಬರೆದವು. ಅವುಗಳಲ್ಲಿ ಕೆಲವನ್ನು ಖಾಲಿ ಬಿಟ್ಟಿದ್ದ. ಕೆಲವು, ಕರೆದರೆ 'ಇದು ನನ್ನ ಕೆಲಸವಲ್ಲ' ಎಂಬ ದೋಷ ತೋರಿಸುತ್ತಿದ್ದವು. ಇನ್ನು 'ಪಾಲಕ' ಕ್ಲಾಸನ್ನು ರಾತ್ರಿ ಅವಸರದಲ್ಲಿ 'ಶಿಕ್ಷಕ' ಕ್ಲಾಸಿನಿಂದ ನಕಲು ಮಾಡಿದ್ದರಿಂದ, ಅದರಲ್ಲಿ ಅಂಕ ನಮೂದಿಸುವ ಮೆಥಡ್ ಹಾಗೆಯೇ ಉಳಿದುಬಿಟ್ಟಿತ್ತು. 35 ಅಂಕ 95 ಆದದ್ದು ಆ ದಾರಿಯಿಂದ.

ಈಗ ಕಡತದ ವಿಷಯ. ನಾನು ವಕೀಲಿ ಆರಂಭಿಸಿದ ಮೊದಲ ವರ್ಷಗಳಲ್ಲಿ ನಮ್ಮ ಸೀಮೆಯ ಒಬ್ಬ ವೃದ್ಧ ರೈತರು ಬಂದರು. ತಮ್ಮ ತಂದೆಯ ಹೆಸರಿನಲ್ಲಿದ್ದ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ಅಂದರೆ ಫೇರಫಾರ ಮಾಡಿಸಿ ಸಾತಬಾರಾ ಉತಾರದಲ್ಲಿ ಹೆಸರು ಏರಿಸಿಕೊಳ್ಳಲು, ತಲಾಠಿಯ ಕಡೆಗೂ ತಹಸೀಲಿಗೂ ಅಲೆಯುವ ಶಕ್ತಿ ಅವರಿಗಿರಲಿಲ್ಲ. ಮಗ ಪುಣೆಯಲ್ಲಿ. ದೂರದ ನೆಂಟನೊಬ್ಬ ತಾನು ಓಡಾಡುತ್ತೇನೆಂದ. ಅದಕ್ಕೊಂದು ಮುಖತ್ಯಾರಪತ್ರ ಬೇಕೆಂದಾಗ, ಯಾರೋ ಅಚ್ಚು ಹಾಕಿಸಿಟ್ಟ ಕುಲಮುಖತ್ಯಾರಪತ್ರದ ನಮೂನೆಯನ್ನೇ ತುಂಬಿ ನೋಂದಣಿ ಮಾಡಿಸಿದರು. ಅದರಲ್ಲಿ ಹದಿನಾಲ್ಕು ಕಲಮುಗಳು. ಕಚೇರಿಗಳಲ್ಲಿ ಅರ್ಜಿ ಕೊಡುವುದು ಮೊದಲನೆಯದು. ಬ್ಯಾಂಕಿನಲ್ಲಿ ಸಾಲ ಎತ್ತುವುದು, ಜಮೀನನ್ನು ಗೇಣಿಗೆ ಕೊಡುವುದು, ದಾವೆಯಲ್ಲಿ ರಾಜಿ ಮಾಡಿಕೊಳ್ಳುವುದು ಮುಂತಾದವೆಲ್ಲ ಮುಂದೆ ಇದ್ದವು. ಒಂಬತ್ತನೆಯ ಕಲಮಿನಲ್ಲಿ ಮಾರಾಟದ ಅಧಿಕಾರ.

ನೆಂಟ ಫೇರಫಾರ ಮಾಡಿಸಿಕೊಟ್ಟ. ಎರಡು ವರ್ಷದ ಮೇಲೆ, ತನ್ನ ಸಾಲದ ಒತ್ತಡದಲ್ಲಿ, ಒಂಬತ್ತನೆಯ ಕಲಮನ್ನು ಬಳಸಿ ಎರಡು ಎಕರೆಯನ್ನು ಮಾರಿದ. ದಾವೆ ಆರು ವರ್ಷ ನಡೆಯಿತು. ಕೊನೆಗೆ ರಾಜಿಯಲ್ಲಿ ಒಂದು ಎಕರೆ ಮರಳಿತು. "ವಕೀಲಸಾಬ, ನಾ ಬರೇ ಫೇರಫಾರಕ್ಕ ಸಹಿ ಮಾಡಿದ್ದೆ" ಎಂದು ಆ ಹಿರಿಯರು ಪ್ರತಿ ತಾರೀಖಿಗೂ ಹೇಳುತ್ತಿದ್ದರು. ಅವರ ಮಟ್ಟಿಗೆ ಅದು ಸತ್ಯ. ಆದರೆ ಕಾಗದ ಹದಿನಾಲ್ಕಕ್ಕೆ ಸಹಿಯಾಗಿತ್ತು. ಮುಖತ್ಯಾರಪತ್ರದ ಹೆಸರಿನಲ್ಲೇ ಜಮೀನು ಕೊಂಡಂತೆ ನಟಿಸುವ ವ್ಯವಹಾರಗಳಿಂದ ಮಾಲೀಕತ್ವ ಸಿಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಅಕ್ಟೋಬರದಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಮಾರುವ ಅಧಿಕಾರವನ್ನು ನಿಜವಾಗಿ ಬರೆದುಕೊಟ್ಟು, ಅದರಂತೆ ನೋಂದಾಯಿತ ಖರೀದಿಪತ್ರವಾದಾಗ ಆ ತೀರ್ಪೂ ನೆರವಿಗೆ ಬರುವುದಿಲ್ಲ. ಇಂದಿಗೂ ನನ್ನ ಕಚೇರಿಗೆ ಬಂದವರಿಗೆ ಕುಲಮುಖತ್ಯಾರದ ಅಚ್ಚಿನ ನಮೂನೆಯನ್ನು ನಾನು ಕೊಡುವುದಿಲ್ಲ. ಯಾವ ಕಚೇರಿ, ಯಾವ ಗಟ್ ನಂಬರು, ಯಾವ ಕೆಲಸ ಎಂದು ಕೇಳಿ ವಿಶೇಷ ಮುಖತ್ಯಾರಪತ್ರವನ್ನೇ ಬರೆಯುತ್ತೇನೆ. ವಕೀಲಪತ್ರವೂ ಹಾಗೆಯೇ, ಒಂದು ಮೊಕದ್ದಮೆಗೆ ಒಂದು.

ಅಳಿಯ ಬಹಳ ಹೊತ್ತು ಸುಮ್ಮನಿದ್ದು, "ಅಂದ್ರ ಪಾಲಕನ ಕೈಗೆ ನಾ ಒಂಬತ್ತನೇ ಕಲಮು ಕೊಟ್ಟಿದ್ದೆ" ಎಂದ. ಹೌದೆಂದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿದೆ, ಏಕೆಂದರೆ ಹೋಲಿಕೆಗಳನ್ನು ಅಳತೆ ಮೀರಿ ಎಳೆಯುವುದು ನಮ್ಮ ವೃತ್ತಿಯ ದೋಷ. ಇಂಟರ್‌ಫೇಸ್ ಎಂಬುದು ಬೀಗವಲ್ಲ. ಯಾರು ಒಳಬಂದಿದ್ದಾರೆ, ಅವರಿಗೆ ಯಾವುದಕ್ಕೆ ಅನುಮತಿಯಿದೆ ಎಂದು ಪರಿಶೀಲಿಸುವ ಭಾಗವನ್ನು ಬೇರೆಯಾಗಿ ಬರೆಯಲೇಬೇಕು. ಇಂಟರ್‌ಫೇಸನ್ನು ಚಿಕ್ಕದಾಗಿಸಿದಾಗ ಆಗುವುದೇನೆಂದರೆ, ಪಾಲಕ ಕ್ಲಾಸಿನಲ್ಲಿ ಅಂಕ ತಿದ್ದುವ ಮೆಥಡ್ ಇರಬೇಕಾದ ಕಾರಣವೇ ಇಲ್ಲವಾಗುತ್ತದೆ. ಇಲ್ಲದಿರುವ ಮೆಥಡ್ ನಕಲಿನಲ್ಲಿ ಉಳಿಯುವುದಿಲ್ಲ, ತಪ್ಪಿಯೂ ಯಾರೂ ಅದನ್ನು ಕರೆಯಲಾರರು.

ಮಾರ್ಗದರ್ಶಕರು ಹೆಸರು ಬರೆದುಕೊಟ್ಟ ಆ ತತ್ತ್ವದ ಹುಟ್ಟೂ ಇಂಥದೇ ಒಂದು ತಾಪತ್ರಯದಲ್ಲಿ ಆಗಿದೆ. ಅಮೆರಿಕದ ರಾಬರ್ಟ್ ಮಾರ್ಟಿನ್ ಎಂಬ ಪ್ರೋಗ್ರಾಮ್ ತಜ್ಞರು ಝೆರಾಕ್ಸ್ ಸಂಸ್ಥೆಗೆ ಸಲಹೆಗಾರರಾಗಿದ್ದರು. ನಾವು ನೆರಳಚ್ಚಿಗೆಲ್ಲ ಝೆರಾಕ್ಸ್ ಎಂದೇ ಹೇಳುವ, ಆ ಹೆಸರಿನ ಮೂಲ ಸಂಸ್ಥೆಯೇ ಅದು. ಅವರ ಹೊಸ ಯಂತ್ರ ಮುದ್ರಿಸುತ್ತಿತ್ತು, ಹಾಳೆಗಳಿಗೆ ಪಿನ್ ಹೊಡೆಯುತ್ತಿತ್ತು, ಫ್ಯಾಕ್ಸ್ ಮಾಡುತ್ತಿತ್ತು. ಎಲ್ಲ ಕೆಲಸಗಳೂ 'ಜಾಬ್' ಎಂಬ ಒಂದೇ ದೊಡ್ಡ ಕ್ಲಾಸನ್ನು ಅವಲಂಬಿಸಿದ್ದವು. ಪಿನ್ ಹೊಡೆಯುವ ಭಾಗಕ್ಕೆ ಮುದ್ರಣದ ಮೆಥಡ್‌ಗಳ ಗೊಡವೆ ಬೇಡ. ಆದರೂ ಅವೆಲ್ಲ ಅದರ ಕಣ್ಣ ಮುಂದಿದ್ದವು. ಕಾರ್ಯಕ್ರಮ ಬೆಳೆದಂತೆ, ಎಲ್ಲೋ ಒಂದು ಚಿಕ್ಕ ಬದಲಾವಣೆ ಮಾಡಿದರೂ ಮತ್ತೆ ಎಲ್ಲವನ್ನೂ ಕಟ್ಟಿ ನಿಲ್ಲಿಸಲು ಒಂದು ಗಂಟೆ ಬೇಕಾಗುತ್ತಿತ್ತು. ಮಾರ್ಟಿನ್ ಅವರು ಆ ದೊಡ್ಡ ಕ್ಲಾಸನ್ನು ಚೂರು ಮಾಡಲಿಲ್ಲ. ಅದರ ಮತ್ತು ಅದನ್ನು ಬಳಸುವವರ ನಡುವೆ ಚಿಕ್ಕ ಚಿಕ್ಕ ಇಂಟರ್‌ಫೇಸುಗಳನ್ನು ಇಟ್ಟರು: ಮುದ್ರಣದವರಿಗೆ ಮುದ್ರಣದ್ದು, ಪಿನ್ನಿನವರಿಗೆ ಪಿನ್ನಿನದು. 1996ರಲ್ಲಿ ಒಂದು ನಿಯತಕಾಲಿಕದ ತಮ್ಮ ಅಂಕಣದಲ್ಲಿ ಅವರು ಈ ತತ್ತ್ವವನ್ನು ವಿವರಿಸಿದರು. ಬಳಸುವವನು ತನಗೆ ಬೇಡದ ಕೆಲಸಗಳಿಗೆ ಕಟ್ಟುಬೀಳುವಂತಾಗಬಾರದು ಎಂಬುದು ಅದರ ತಾತ್ಪರ್ಯ.

ಹುಡುಗನಿಗೂ ಇದರ ಅನುಭವವಾಗಿತ್ತು, ಆದರೆ ಅವನು ಅದನ್ನು ಗುರುತಿಸಿರಲಿಲ್ಲ. ಪರೀಕ್ಷಾ ಶುಲ್ಕ ತುಂಬುವಾಗ ದಿನಾಂಕವನ್ನೂ ಕೊಡಬೇಕೆಂದು ಅವನು ಒಮ್ಮೆ ಆ ಮೆಥಡ್ಡನ್ನು ಬದಲಿಸಿದ್ದನಂತೆ. ಶುಲ್ಕ ತುಂಬುವವರು ಪಾಲಕರು ಮಾತ್ರ. ಆದರೂ ಅಡುಗೆಯವರ ಕ್ಲಾಸ್ ಸಹಿತ ಆರೂ ಕ್ಲಾಸುಗಳು ಕಂಪೈಲ್ ಆಗದೆ ಮುಷ್ಕರ ಹೂಡಿದ್ದವು. ಅಂದು ಅವನು ತನ್ನನ್ನೇ ದಡ್ಡನೆಂದುಕೊಂಡಿದ್ದ.

ಹಾಗಾದರೆ ಎಲ್ಲಿ ಕತ್ತರಿಸಬೇಕು? ಅಳಿಯ ಮೊದಲು ಮಾಡಿದ್ದು ಆರು ಜನರಿಗೆ ಆರು ಇಂಟರ್‌ಫೇಸ್. ಇದು ಸ್ವಲ್ಪ ಉತ್ತಮವಾದರೂ ಪುಸ್ತಕ ಪಡೆಯುವ ಕೆಲಸ ವಿದ್ಯಾರ್ಥಿಗೂ ಶಿಕ್ಷಕನಿಗೂ ಇರುವುದರಿಂದ ಎರಡೂ ಕಡೆ ಅದೇ ಬರಹ ಬಂತು. ಗ್ರಂಥಾಲಯದ ಪರದೆಯನ್ನು ನಡೆಸುವ ಭಾಗ, ಬಂದವನು ವಿದ್ಯಾರ್ಥಿಯೋ ಶಿಕ್ಷಕನೋ ಎಂದು ಪ್ರತಿ ಸಲವೂ ಕೇಳಬೇಕಾಯಿತು. ಆಗ ನಾನು, ಕೆಲಸ ಮಾಡುವವನನ್ನು ಬಿಟ್ಟು ಕೆಲಸ ಮಾಡಿಸಿಕೊಳ್ಳುವವನನ್ನು ನೋಡು ಎಂದೆ. ಮುಖತ್ಯಾರಪತ್ರವನ್ನು ಬರೆಯುವಾಗ ನಾನು ನೆಂಟನ ಸಾಮರ್ಥ್ಯವೇನೆಂದು ನೋಡುವುದಿಲ್ಲ. ಆ ಪತ್ರವನ್ನು ಮೇಜಿನ ಆಚೆಯಿಂದ ಓದುವ ತಹಸೀಲಿನ ಕಾರಕೂನನಿಗೆ ಏನು ಬೇಕೆಂದು ನೋಡುತ್ತೇನೆ. ಹಾಗೆಯೇ, ಗ್ರಂಥಾಲಯದ ಮೇಜಿಗೆ ಬೇಕಾದವನು ಒಬ್ಬ ಓದುಗ. ಅವನು ಪುಸ್ತಕ ಪಡೆಯಬಲ್ಲವನಾಗಿರಬೇಕು, ಮರಳಿಸಬಲ್ಲವನಾಗಿರಬೇಕು. ಅವನ ಅಂಕ, ಅವನ ರಜೆ, ಅವನ ಊಟ ಆ ಮೇಜಿಗೆ ಸಂಬಂಧಿಸಿದ್ದಲ್ಲ.

ಇಷ್ಟು ಹೇಳಿದ್ದೇ ತಡ, ಉಳಿದದ್ದನ್ನು ಅವನೇ ಮುಂದುವರಿಸಿದ. 'ಓದುಗ' ಎಂಬ ಇಂಟರ್‌ಫೇಸಿನಲ್ಲಿ ಎರಡೇ ಕೆಲಸ. ವಿದ್ಯಾರ್ಥಿಯೂ ಅದಕ್ಕೆ ಸಹಿ ಹಾಕಿದ, ಶಿಕ್ಷಕನೂ ಹಾಕಿದ. ಜಾವಾದಲ್ಲಿ ಒಂದು ಕ್ಲಾಸ್ ಒಬ್ಬನೇ ತಂದೆಯಿಂದ ಹುಟ್ಟಬಹುದಾದರೂ ಎಷ್ಟು ಇಂಟರ್‌ಫೇಸುಗಳಿಗೆ ಬೇಕಾದರೂ ಸಹಿ ಹಾಕಬಹುದು. ನಾಳೆ ಅಡುಗೆಯ ತಾಯಿಯವರಿಗೂ ಪುಸ್ತಕ ಕೊಡುವುದೆಂದು ಶಾಲೆ ನಿರ್ಧರಿಸಿದರೆ, ಅವರ ಕ್ಲಾಸು ಓದುಗ ಎಂಬ ಕರಾರಿಗೂ ಸಹಿ ಹಾಕಿ ಆ ಎರಡು ಕೆಲಸ ಬರೆದುಕೊಂಡರಾಯಿತು. ಗ್ರಂಥಾಲಯದ ಭಾಗವನ್ನು ಮುಟ್ಟುವಂತಿಲ್ಲ. ಅಕ್ಕ ಅಷ್ಟರಲ್ಲಿ ಚಹಾ ತಂದವಳು ಇದನ್ನು ಕೇಳಿ, ಅಡುಗೆಯವರಿಗೆ ಪುಸ್ತಕ ಕೊಡುವ ವಿಚಾರ ಒಳ್ಳೆಯದು, ಶಾಲೆಯಲ್ಲಿ ನಿಜವಾಗಿಯೂ ಹೇಳಿರಿ ಎಂದಳು.

ಉತ್ಸಾಹ ಅತಿಯಾದರೆ ಏನಾಗುತ್ತದೆಂಬುದೂ ಮರುದಿನ ಬೆಳಿಗ್ಗೆ ಕಂಡಿತು. ರಾತ್ರಿಯೆಲ್ಲ ಕುಳಿತು ಹನ್ನೊಂದು ಕೆಲಸಗಳಿಗೆ ಹನ್ನೊಂದು ಇಂಟರ್‌ಫೇಸ್ ಮಾಡಿದ್ದ. ಒಂದೇ ಕೆಲಸದ ಇಂಟರ್‌ಫೇಸ್ ತಪ್ಪೇನಲ್ಲ. ಎರಡು ವಸ್ತುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಹೇಳಬಲ್ಲದ್ದಕ್ಕೆ ಜಾವಾದಲ್ಲಿರುವ ಕಂಪೇರಬಲ್ ಎಂಬ ಇಂಟರ್‌ಫೇಸಿನಲ್ಲಿ ಇರುವುದು ಒಂದೇ ಮೆಥಡ್. 2009ರಲ್ಲಿ ಗೂಗಲ್ ಪ್ರಕಟಿಸಿದ ಗೋ ಭಾಷೆಯಲ್ಲಿ ರೀಡರ್, ರೈಟರ್ ಎಂಬ ಒಂದೊಂದೇ ಕೆಲಸದ ಇಂಟರ್‌ಫೇಸುಗಳು ಇಡೀ ಭಾಷೆಯ ಬೆನ್ನೆಲುಬಿನಂತಿವೆ. ಕಡತವಾಗಲಿ, ಜಾಲದ ಸಂಪರ್ಕವಾಗಲಿ ಓದಬಲ್ಲದ್ದಾದರೆ ಅದು ರೀಡರ್. ಆದರೆ ಪುಸ್ತಕ ಪಡೆಯುವುದನ್ನೂ ಮರಳಿಸುವುದನ್ನೂ ಬೇರೆ ಮಾಡಿದರೆ ಗ್ರಂಥಾಲಯದ ಮೇಜು ಎರಡು ಕರಾರುಪತ್ರ ಹಿಡಿದು ಕೂರಬೇಕಾಗುತ್ತದೆ. ಮರಳಿಸಲಾರದ ಓದುಗನೆಂಬ ವಿಚಿತ್ರ ಪ್ರಾಣಿಗೂ ಅವಕಾಶ ಕೊಟ್ಟಂತಾಗುತ್ತದೆ. 1872ರ ಕರಾರು ಕಾಯ್ದೆಯ 188ನೆಯ ಕಲಮು ನನಗೆ ಇಲ್ಲಿ ನೆರವಾಯಿತು. ಒಂದು ಕೆಲಸ ಮಾಡಲು ಅಧಿಕಾರ ಪಡೆದ ಮುಖತ್ಯಾರನಿಗೆ, ಆ ಕೆಲಸಕ್ಕೆ ಅವಶ್ಯವಾದ ಪ್ರತಿಯೊಂದು ಕಾನೂನುಬದ್ಧ ಕ್ರಿಯೆಯನ್ನೂ ಮಾಡುವ ಅಧಿಕಾರವಿರುತ್ತದೆ ಎಂದು ಅದು ಹೇಳುತ್ತದೆ. ಅರ್ಜಿ ಕೊಡಲೊಂದು, ಅದರ ಪೋಚು ಪಡೆಯಲೊಂದು, ನಕಲು ತರಲೊಂದು ಎಂದು ಮೂರು ಸ್ಟಾಂಪ್ ಕಾಗದ ಬೇಕಾಗುವುದಿಲ್ಲ. ಒಬ್ಬ ಗಿರಾಕಿಯ ಒಂದು ಕೆಲಸ ಪೂರ್ತಿಯಾಗಿ ಮುಗಿಯಲು ಏನೇನು ಬೇಕೋ ಅಷ್ಟು ಒಟ್ಟಿಗಿರಲಿ ಎಂದು ಇಬ್ಬರೂ ಒಪ್ಪಿಕೊಂಡೆವು.

ಜಾವಾವನ್ನು ಕಟ್ಟಿದವರಿಗೂ ಈ ಇಕ್ಕಟ್ಟು ತಪ್ಪಲಿಲ್ಲ. 1998ರಲ್ಲಿ ಬಂದ ಸಂಗ್ರಹಗಳ ಗ್ರಂಥಾಲಯದಲ್ಲಿ 'ಲಿಸ್ಟ್' ಎಂಬ ದೊಡ್ಡ ಇಂಟರ್‌ಫೇಸ್ ಇದೆ. ಅದು ಸೇರಿಸುವುದು, ತೆಗೆಯುವುದು, ಓದುವುದು ಎಲ್ಲಕ್ಕೂ ಮಾತು ಕೊಡುತ್ತದೆ. ಆದರೆ ಬದಲಿಸಲಾಗದ ಪಟ್ಟಿಗಳೂ ಅದಕ್ಕೇ ಸಹಿ ಹಾಕುತ್ತವೆ. ಅವಕ್ಕೆ ಏನಾದರೂ ಸೇರಿಸಹೋದರೆ ಕಾರ್ಯಕ್ರಮ ಓಡುತ್ತಿರುವಾಗಲೇ 'ಈ ಕ್ರಿಯೆಗೆ ಬೆಂಬಲವಿಲ್ಲ' ಎಂದು ನಿಂತುಬಿಡುತ್ತದೆ. ಎಲ್ಲ ಭೇದಗಳಿಗೂ ಬೇರೆ ಬೇರೆ ಇಂಟರ್‌ಫೇಸ್ ಮಾಡಿದರೆ ಸಂಖ್ಯೆ ಕೈಮೀರಿ ಹೋಗುತ್ತದೆಂಬ ಕಾರಣದಿಂದ ವಿನ್ಯಾಸಕಾರರು ತಿಳಿದೇ ಹೀಗೆ ಮಾಡಿದರು. ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಸಹಿ ಹಾಕಿ ಆಮೇಲೆ ಆಗುವುದಿಲ್ಲವೆನ್ನುವ ಕರಾರನ್ನು ವಕೀಲನಾದ ನಾನು ಮೆಚ್ಚಲಾರೆ.

ಇದೆಲ್ಲ ಎಂಜಿನಿಯರುಗಳ ಮನೆವಾರ್ತೆಯೆಂದು ಪಾಲಕರು ಭಾವಿಸಬಾರದು. ನಮ್ಮೆಲ್ಲರ ಜೇಬಿನಲ್ಲಿರುವ ಆಧಾರ್ ಇದೇ ಪ್ರಶ್ನೆಯ ಮೇಲೆ ನಿಂತಿದೆ. ದೇಶದ ಮೊದಲ ಆಧಾರ್ ಸಂಖ್ಯೆಗಳನ್ನು 2010ರ ಸೆಪ್ಟೆಂಬರ್ 29ರಂದು ನಮ್ಮ ರಾಜ್ಯದ್ದೇ ಆದ ನಂದುರಬಾರ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ವಿತರಿಸಲಾಯಿತು. ಅದರ ಮೂಲ ದೃಢೀಕರಣ ಸೇವೆ ಒಂದು ಅತಿ ಚಿಕ್ಕ ಇಂಟರ್‌ಫೇಸ್. ಕೇಳುವ ಸಂಸ್ಥೆ ಸಂಖ್ಯೆಯನ್ನೂ ಬೆರಳಚ್ಚು ಮೊದಲಾದ ಗುರುತನ್ನೂ ಕಳಿಸುತ್ತದೆ, 'ಹೌದು' ಅಥವಾ 'ಅಲ್ಲ' ಎಂಬ ಉತ್ತರ ಬರುತ್ತದೆ. ಹೆಸರು, ವಿಳಾಸ, ಭಾವಚಿತ್ರ ಬೇಕಾದರೆ ಇ-ಕೆವೈಸಿ ಎಂಬ ಬೇರೆಯದೇ ಸೇವೆ. ಬೆರಳಚ್ಚನ್ನೂ ಕಣ್ಣಿನ ಪಾಪೆಯ ಗುರುತನ್ನೂ ಯಾವ ಕಾರಣಕ್ಕೂ ಯಾರೊಂದಿಗೂ ಹಂಚಬಾರದೆಂದು 2016ರ ಆಧಾರ್ ಕಾಯ್ದೆಯ 29ನೆಯ ಕಲಮು ಹೇಳುತ್ತದೆ. 2018ರ ಜನವರಿಯಲ್ಲಿ ಪ್ರಾಧಿಕಾರ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ 16 ಅಂಕಿಗಳ ವರ್ಚುವಲ್ ಐಡಿ, ಮತ್ತು ಎಲ್ಲ ಸಂಸ್ಥೆಗಳಿಗೂ ಎಲ್ಲವನ್ನೂ ಕೊಡದೆ ಅಗತ್ಯವಿರುವಷ್ಟನ್ನೇ ಕೊಡುವ ಸೀಮಿತ ಕೆವೈಸಿ. ಎಂಜಿನಿಯರುಗಳು ಇದನ್ನು ಇಂಟರ್‌ಫೇಸನ್ನು ಒಡೆಯುವುದು ಎಂದಾರು, ನಾನು ಕುಲಮುಖತ್ಯಾರವನ್ನು ವಿಶೇಷ ಮುಖತ್ಯಾರಕ್ಕೆ ಇಳಿಸುವುದು ಎನ್ನುತ್ತೇನೆ.

ಈ ದಿಕ್ಕಿನಲ್ಲಿ ಸರಕಾರವನ್ನು ಪ್ರಶ್ನಿಸಿದವರಲ್ಲಿ ಮೊದಲಿಗರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಅರ್ಜಿಯಿಂದಾಗಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಅದರ ವ್ಯಾಪ್ತಿಯನ್ನು ಕತ್ತರಿಸಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಆಧಾರ್ ಜೋಡಣೆ ಕಡ್ಡಾಯವಲ್ಲವೆಂದಿತು. ಶಾಲೆಯ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂದೂ ಹೇಳಿತು. ಜೂನ್ ತಿಂಗಳಲ್ಲಿ ಪ್ರವೇಶದ ಸಾಲಿನಲ್ಲಿ ನಿಲ್ಲುವ ಪಾಲಕರು ಇದನ್ನು ನೆನಪಿನಲ್ಲಿಡಬೇಕು. ಎಲ್ಲಿಯಾದರೂ ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು.

ಅಳಿಯನ ಪ್ರೋಗ್ರಾಮಿಗೆ ಮರಳುತ್ತೇನೆ. ಅವನು ತನ್ನ ಇಂಟರ್‌ಫೇಸುಗಳಿಗೆ ಇಂಗ್ಲಿಷ್ ಹೆಸರುಗಳನ್ನು ಹುಡುಕುತ್ತ ಅರ್ಧ ದಿನ ಕಳೆದಿದ್ದ. ಜಾವಾ ಮೊದಲಿನಿಂದಲೂ ಯುನಿಕೋಡನ್ನು ಒಪ್ಪುತ್ತದೆ. ಕ್ಲಾಸ್, ಇಂಟರ್‌ಫೇಸ್ ಮುಂತಾದ ಭಾಷೆಯ ಸ್ವಂತ ಶಬ್ದಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು, ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿರಬಹುದು ಎಂದು ತೋರಿಸಿಕೊಟ್ಟೆ. ಅವನಿಗೆ ಇದು ತಿಳಿದಿರಲಿಲ್ಲ. ಕನ್ನಡದಲ್ಲಿ ಹೆಸರಿಡುತ್ತ ಹೋದಾಗ ಇನ್ನೊಂದು ಪ್ರಯೋಜನವೂ ಕಂಡಿತು. ಸರಿಯಾಗಿ ಕತ್ತರಿಸಿದ ಇಂಟರ್‌ಫೇಸಿಗೆ ಒಂದೇ ಪದ ಸಾಕಾಗುತ್ತಿತ್ತು: ಓದುಗ, ರಜಾರ್ಥಿ, ಅಂಕದರ್ಶಿ, ಶುಲ್ಕದಾತ. ಹೆಸರಿನ ನಡುವೆ 'ಮತ್ತು' ಎಂದು ಬರೆಯಬೇಕಾಗಿ ಬಂದಲ್ಲೆಲ್ಲ ಇನ್ನೂ ಏನೋ ಒಡೆಯದೆ ಉಳಿದಿರುತ್ತಿತ್ತು.

ಅಂಥದೊಂದು ಹಾಜರಿ ಮತ್ತು ಅಂಕ. ಎರಡನ್ನೂ ಶಿಕ್ಷಕರೇ ಮಾಡುತ್ತಾರಾದ್ದರಿಂದ ಒಟ್ಟಿಗಿರಲಿ ಎಂದು ಅವನ ವಾದ. ನಮ್ಮ ಶಾಲೆಗಳಲ್ಲಿ ತಾಸಿನ ಲೆಕ್ಕದ ಮೇಲೆ ಬರುವ ಶಿಕ್ಷಕಿಯರನ್ನು ನೆನಪಿಸಿದೆ. ಅವರು ಹಾಜರಿ ತೆಗೆದುಕೊಳ್ಳುತ್ತಾರೆ, ವಾರ್ಷಿಕ ಅಂಕಗಳನ್ನು ನಮೂದಿಸುವುದಿಲ್ಲ. ಅವನು ಒಪ್ಪಲಿಲ್ಲ. ಅಂಥವರು ನೇಮಕವಾದಾಗ ಒಡೆದರಾಯಿತು, ಈಗಲೇ ಏಕೆ ಎಂದ. ಅದೂ ತೆಗೆದುಹಾಕುವ ಮಾತಲ್ಲ. ಆ ಪ್ರಶ್ನೆಯನ್ನು ಮಾರ್ಗದರ್ಶಕರಿಗೇ ಬಿಟ್ಟೆವು. ಎಣಿಸಿದರೆ ಹನ್ನೊಂದು ಕೆಲಸಗಳು ಎಂಟು ಇಂಟರ್‌ಫೇಸುಗಳಾಗಿದ್ದವು. ಖಾಲಿ ಮೆಥಡ್ ಒಂದೂ ಉಳಿದಿರಲಿಲ್ಲ.

ರವಿವಾರ ಸಂಜೆ ಅವನನ್ನು ನನ್ನ ಮೋಟಾರುಸೈಕಲ್ ಮೇಲೆ ಸೊಲ್ಲಾಪುರದ ಬಸ್ಸಿಗೆ ಬಿಟ್ಟುಬಂದೆ. ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಮರೆತು ಹೋಗಿತ್ತೆಂದು ಫೋನ್ ಮಾಡುವಷ್ಟರಲ್ಲಿ, ಬಸ್ಸು ನಳದುರ್ಗ ದಾಟುತ್ತಿದ್ದ ಹೊತ್ತಿಗೆ, ಅವನದೇ ಸಂದೇಶ ಬಂತು. ಟಿ.ಸಿ. ಕೊಡುವ ಕೆಲಸವನ್ನು ಗುಮಾಸ್ತನಿಗೂ ಮುಖ್ಯಾಧ್ಯಾಪಕರಿಗೂ ಕೊಟ್ಟಿದ್ದು ತಪ್ಪಾಗಿದೆ, ಗುಮಾಸ್ತ ಬರೆಯುತ್ತಾನೆ, ಸಹಿ ಹಾಕುವವರು ಮುಖ್ಯಾಧ್ಯಾಪಕರು, ಅದು ಎರಡಾಗಬೇಕು ಎಂದು ಬರೆದಿದ್ದ. ಇಡೀ ಸಂದೇಶ ಕನ್ನಡದಲ್ಲಿತ್ತು. ಅಕ್ಕನಿಗೆ ಓದಿ ಹೇಳಿದೆ. ಅವಳು, "ಚಟ್ನಿ ಯಾರ ಕೈಲಿ ಕಳಸೂದು?" ಎಂದಳು.